ಗಾಳಿಗೇಕೆ ಕಂಪನಿ ಹೆಸರು?

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ನನಗೇನೂ ಅಡ್ಡಿಯಿಲ್ಲ. ಆದರೆ ಟಯರಿನ ವಿಚಾರ ಬಂದಾಗ ಮಾತ್ರ ಈ ನಿಯಮಕ್ಕೆ ನನ್ನ ಸೊಂಟ ಒಪ್ಪುವುದಿಲ್ಲ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಅವರನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ಹೆಸರು ಬರೆಯುವುದಿಲ್ಲ. ಬರೆದರೆ ಅತ್ತಿಗೆ ಪೊರಕೆ ಹಿಡಿದುಕೊಂಡೇ ಬಂದಾರು, ಬರುವುದಕ್ಕೆ ಹೆಚ್ಚು ಹೊತ್ತೂ ಬೇಕಿಲ್ಲ. ತಮಿಳು ಸೀಮೆಗೆ ಸೇರಿದ ತಾಳವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ನಾನು ಇಲ್ಲಿನ ಕನ್ನಡ ಶಾಲೆಯ ಮೇಷ್ಟ್ರು, ಅಣ್ಣ ಜೀವವಿಮೆಯ ಏಜೆಂಟರು. ದೊಡ್ಡಗಾಜನೂರು, ತಿಗನಾರೆ, ಗುಮಟಾಪುರ, ಬೆಟ್ಟದ ಮೇಲಿನ ಯಾವ ಊರಿನಲ್ಲೂ ಅವರು ಹತ್ತಿ ಕೂರದ ಜಗಲಿ ಇರಲಿಲ್ಲ. ಕೂತ ಕೂಡಲೇ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ನೀರು ಕೇಳಿ, "ನಾಳೆ ಏನಾಯ್ತದೋ ಯಾರ್ ಕಂಡವ್ರೆ?" ಎಂದು ಶುರು ಮಾಡುತ್ತಿದ್ದರು. ಅವರ ದನಿಯಲ್ಲಿ ಆ ಮಾತು ಕೇಳಿದರೆ ಗಟ್ಟಿಮುಟ್ಟಾದ ಗಂಡಸಿಗೂ ಎದೆಯಲ್ಲಿ ಸಣ್ಣಗೆ ಚಳುಕು ಬಂದಂತಾಗುತ್ತಿತ್ತು.

ಹೀಗೆ ಊರಿಗೆಲ್ಲ ನಾಳೆಯ ಭಯ ಹಂಚುತ್ತಿದ್ದ ಮನುಷ್ಯ ತನ್ನ ಕಾರಿಗೆ ಹಾಕಿಸುತ್ತಿದ್ದದ್ದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಟಯರು. ಘಾಟಿಯ ಕೆಳಗಿನ ಸತ್ಯಮಂಗಲಕ್ಕೆ ಹೋಗಿ, ಅಂಗಡಿಯ ಒಳಕೋಣೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದನ್ನು ಹುಡುಕಿಸಿ ತರುತ್ತಿದ್ದರು. ಕಂಪನಿಯ ಹೆಸರು ಓದಿದರೆ ಅದು ಟಯರಿನದೋ ಹೊಟ್ಟೆನೋವಿನ ಮಾತ್ರೆಯದೋ ತಿಳಿಯುತ್ತಿರಲಿಲ್ಲ. ಅವರ ಕಾರಿನಲ್ಲಿ ಒಮ್ಮೆ ದಿಂಬಂ ಘಾಟಿ ಇಳಿದು ಬಂದವರು ತಾವಾಗಿಯೇ ಪಾಲಿಸಿ ಮಾಡಿಸುತ್ತಾರೆ, ಏಜೆಂಟರು ಬಾಯಿ ತೆರೆಯುವ ಕಷ್ಟವೇ ಇಲ್ಲ ಎಂದು ಊರಿನವರು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದರು. ಆದರೆ ಸಿದ್ಧಾಂತ ಬಿಡುತ್ತಿರಲಿಲ್ಲ.

ಸಿದ್ಧಾಂತವನ್ನು ಅವರು ಪ್ರಶ್ನೋತ್ತರದ ರೂಪದಲ್ಲೇ ಬೋಧಿಸುತ್ತಿದ್ದರು. ನಾನು ಮೇಷ್ಟ್ರು ಎಂಬುದನ್ನೂ ಲೆಕ್ಕಿಸದೆ ಮೋಟುಗೋಡೆಯ ಮೇಲೆ ಮೊಣಕೈ ಊರಿ ನನ್ನನ್ನೇ ವಿದ್ಯಾರ್ಥಿ ಮಾಡಿಕೊಳ್ಳುತ್ತಿದ್ದರು.

"ಟಯರ್ ಒಳ್ಗೆ ಏನದೆ, ಏಳ್ಲಾ?"

"ಗಾಳಿ ಅಣ್ಣ."

"ಕಾರ್ ಭಾರ ಒರಾದು ಯಾರು?"

"ಗಾಳಿ."

"ಮತ್ತೆ ಗಾಳಿಗ್ಯಾಕ್ಲಾ ಕಂಪ್ನಿ ಎಸ್ರು?"

ಈ ವಾದದಲ್ಲಿ ತಪ್ಪು ಎಲ್ಲೋ ಇದೆ ಎಂದು ಇವತ್ತಿಗೂ ಗೊತ್ತಾಗುತ್ತದೆ, ಎಲ್ಲಿ ಎಂದು ಕೈಗೆ ಸಿಗುವುದಿಲ್ಲ.

ಆ ಟಯರುಗಳ ಸಂಸಾರವೇ ಬೇರೆ. ಹೊಸದರಲ್ಲಿ ಮದುವೆ ಗಂಡಿನ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ರಬ್ಬರು ಗಟ್ಟಿಯಾಗಿ ಗುಂಯ್‌ಗುಡಲು ಶುರು. ಆಮೇಲೆ ಪಕ್ಕದಲ್ಲಿ ಒಂದು ಕಡೆ, ಹಲ್ಲುನೋವು ಬಂದವನ ಕೆನ್ನೆಯಂತೆ, ಊದಿಕೊಳ್ಳುತ್ತಿತ್ತು. ಮೊದಲ ಮಳೆ ಬಿದ್ದ ದಿನ ಬ್ರೇಕು ಒತ್ತಿದ ಜಾಗದಲ್ಲಿ ಕಾರು ನಿಲ್ಲುತ್ತಿರಲಿಲ್ಲ, ತನಗೆ ಇಷ್ಟವಾದ ಜಾಗದಲ್ಲಿ ನಿಲ್ಲುತ್ತಿತ್ತು. ನಾವೆಲ್ಲ ಬೆಳಿಗ್ಗೆ ಎದ್ದು ದೇವರ ಪಟ ನೋಡಿದರೆ ಅಣ್ಣ ಎಡಗಡೆ ಹಿಂದಿನ ಟಯರು ನೋಡುತ್ತಿದ್ದರು. ರಾತ್ರಿಯೆಲ್ಲ ಗಾಳಿ ಇಳಿದು ಅದು ಚಪ್ಪಟೆಯಾಗಿ ಕೂತಿರುತ್ತಿತ್ತು. ಕಾಲಿನಲ್ಲಿ ಒತ್ತುವ ಪಂಪು ತಂದು, ಲುಂಗಿ ಎತ್ತಿ ಕಟ್ಟಿ, ಉಸ್ಸು ಬುಸ್ಸು ಎನ್ನುತ್ತಾ ಗಾಳಿ ಹೊಡೆಯುವುದು ಅವರ ಪ್ರಾತಃಕಾಲದ ಪೂಜೆ. "ಡಾಕ್ಟ್ರು ಕಾಲಾಡ್ಸಿ ಅಂದವ್ರೆ. ಕಂಪ್ನಿ ಟಯರ್ ಆಕ್ಸಿದ್ರೆ ಈ ಯೋಗ ಎಲ್ ಬತ್ತದ್ಲಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಆ ಗುಂಯ್‌ಗುಟ್ಟುವ ಸದ್ದಿನಿಂದ ಉಪಕಾರವೂ ಇತ್ತು. ಕಾರು ಊರ ಹೊರಗಿನ ಕೆರೆ ಏರಿಯ ಮೇಲೆ ಇರುವಾಗಲೇ ತಿಗನಾರೆಯವರಿಗೆ ಏಜೆಂಟರು ಬರುತ್ತಿರುವುದು ತಿಳಿಯುತ್ತಿತ್ತು. ಗಂಡಸರು ಹಿತ್ತಲ ಬಾಗಿಲಿನಿಂದ ಮಾಯ. ಹೆಂಗಸರು ಜಗಲಿಗೆ ಬಂದು, "ಒಲ್ತಾವ್ ಓಗವ್ರೆ, ಬರಾದು ಒತ್ತಾಯ್ತದೆ" ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದರು. ಹೊಲಕ್ಕೆ ನುಗ್ಗಿದ ಆನೆಯೂ ಆ ಸದ್ದು ಕೇಳಿ ಕಾಡಿಗೆ ಹಿಂತಿರುಗಿದ್ದುಂಟು ಎಂದು ಕಾವಲಿನವರು ಹೇಳುತ್ತಿದ್ದರು. ಆನೆಗೂ ಪಾಲಿಸಿಯ ಭಯವಿತ್ತೇನೋ.

ಅತ್ತಿಗೆಗೆ ಮಾತ್ರ ಇದರಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ. ಮಗಳನ್ನು ಸತ್ಯಮಂಗಲಕ್ಕೆ ಕೊಟ್ಟಿತ್ತು. ತಿಂಗಳಿಗೊಮ್ಮೆಯಾದರೂ ಮೊಮ್ಮಗಳನ್ನು ನೋಡಲು ಗಂಡ ಹೆಂಡತಿ ಘಾಟಿ ಇಳಿಯಬೇಕು. ಇಳಿಯುವಷ್ಟು ಹೊತ್ತೂ ಅತ್ತಿಗೆ ಘಾಟಿಯ ಬುಡದ ಬಣ್ಣಾರಿ ಅಮ್ಮನ ಹೆಸರು ಹೇಳುತ್ತಾ ಕಣ್ಣು ಮುಚ್ಚಿಯೇ ಕೂರುತ್ತಿದ್ದರು. "ಎಲ್ರೂ ಬೆಟ್ಟ ನೋಡಾಕೆ ಬತ್ತಾರೆ. ಇಷ್ಟ್ ವರ್ಸಾದ್ರೂ ನಾನು ಬೆಟ್ಟ ಎಂಗದೆ ಅಂತ ನೋಡ್ನಿಲ್ಲ" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರಂತೆ.

ತಮಿಳಿನ ಒಂದು ಐಪ್ಪಸಿ ತಿಂಗಳ ಮಳೆಯಲ್ಲಿ, ದೀಪಾವಳಿ ಹತ್ತಿರ ಬಂದಿದ್ದಾಗ, ಆಗಬೇಕಾದ್ದು ಆಯಿತು. ನನಗೂ ಸತ್ಯಮಂಗಲದಲ್ಲಿ ಕೆಲಸವಿದ್ದುದರಿಂದ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಘಾಟಿಯ ನಡುವಿನ ಒಂದು ತಿರುವಿನಲ್ಲಿ ಢಂ ಎಂದಿತು. ಕಾರು ಒದ್ದೆ ರಸ್ತೆಯ ಮೇಲೆ ಜಾರಿ, ಅರ್ಧ ಸುತ್ತು ತಿರುಗಿ, ತಡೆಗೋಡೆಗೆ ಮೂಗು ಒರಸಿ ನಿಂತಿತು. ಗೋಡೆಯ ಆಚೆ ಮಂಜು, ಮಂಜಿನ ಕೆಳಗೆ ಏನಿದೆಯೆಂದು ನೋಡುವ ಆಸೆ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅಣ್ಣ ಸ್ಟೇರಿಂಗ್ ಹಿಡಿದೇ, "ಏನಿಲ್ಲ. ಗಾಳಿ ಓಯ್ತು, ಅಷ್ಟೆ" ಎಂದರು.

ಅತ್ತಿಗೆ ಬಾಗಿಲು ತೆಗೆದು ಇಳಿದರು. ಮೊಮ್ಮಗಳಿಗೆಂದು ಮಾಡಿಕೊಂಡಿದ್ದ ನಿಪ್ಪಟ್ಟಿನ ಡಬ್ಬಿ, ಕೈಚೀಲ ತೆಗೆದುಕೊಂಡರು. ಮಳೆಯಲ್ಲೇ ನಿಂತರು. ಹಿಂದಿನಿಂದ ಸರ್ಕಾರಿ ಬಸ್ಸು ಮೆಲ್ಲಗೆ ಇಳಿದು ಬಂತು. ಕೈ ಅಡ್ಡ ಹಾಕಿದರು. ಹತ್ತುವ ಮುಂಚೆ ಗಂಡನ ಕಡೆ ತಿರುಗಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನೋಡಿ, ಈ ದರಿದ್ರುದ್ ಟಯರ್ ಇರಗಂಟ ನಾನ್ ಈ ಕಾರ್ ಅತ್ತಲ್ಲ. 'ಟಯರ್ ಬದ್ಲಾಯ್ಸಿವ್ನಿ, ನಂದೇ ತಪ್ಪಾಯ್ತು' ಅಂತ ನಿಮ್ ಬಾಯಲ್ಲೇ ಬರ್ಲಿ. ಅವತ್ ಅತ್ತೀನಿ."

ಬಸ್ಸು ಹೋಯಿತು. ಅಣ್ಣ ಜಾಕು ತಿರುಗಿಸುತ್ತಾ, "ಕ್ವಾಪ ಕಣ್ಲಾ. ಸಾಯಂಕಾಲಕ್ ಇಳೀತದೆ" ಎಂದರು. ಸ್ಟೆಪ್ನಿ ಹಾಕಿ, ಬಸ್ಸನ್ನು ಬಣ್ಣಾರಿಯ ಹತ್ತಿರ ಹಿಡಿದು, ಸತ್ಯಮಂಗಲದವರೆಗೂ ಅದರ ಹಿಂದೆಯೇ ಹೋದೆವು. ಕೋಪ ಸಾಯಂಕಾಲಕ್ಕೆ ಇಳಿಯಲಿಲ್ಲ. ಆಮೇಲೆ ಬಂದ ಎಷ್ಟೋ ಸಾಯಂಕಾಲಗಳಿಗೂ ಇಳಿಯಲಿಲ್ಲ.

ಆ ದೀಪಾವಳಿಯ ನಂತರ ಗುಮಟಾಪುರದ ಸಗಣಿ ಹಬ್ಬಕ್ಕೆ ಅಣ್ಣ ನನ್ನನ್ನೂ ಕರೆದುಕೊಂಡು ಹೋದರು. ಬೀರೇಶ್ವರನ ಗುಡಿಯ ಹತ್ತಿರ ಊರ ದನದ ಸಗಣಿಯನ್ನೆಲ್ಲ ರಾಶಿ ಹಾಕಿ, ಗಂಡಸರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುವ ಹಬ್ಬ. ಬಂದವರು ಗಾಡಿಗಳನ್ನು ದೂರದಲ್ಲಿ ನಿಲ್ಲಿಸುತ್ತಾರೆ. ಅಣ್ಣ ಕಾರನ್ನು ತಂದು ಸಗಣಿ ಬೀಳುವ ಜಾಗಕ್ಕೇ ಒತ್ತಿ ನಿಲ್ಲಿಸಿದರು. ಕಾರಿನ ಮೇಲೆ ಕೋಳಿ ಕೂತರೂ ಕಲ್ಲೆಸೆಯುವ ಮನುಷ್ಯ, ಅವತ್ತು ತಾವೇ ಬೊಗಸೆ ತುಂಬ ಸಗಣಿ ತಂದು ಚಕ್ರಗಳಿಗೆ ಮೆತ್ತುತ್ತಿದ್ದರು. ಏನಣ್ಣ ಇದು ಎಂದರೆ, "ವರ್ಸೆಲ್ಲ ನಮ್ನ ಒತ್ತವೆ. ಅವುಕ್ಕೂ ಅಬ್ಬ ಬ್ಯಾಡ್ವೇನ್ಲಾ?" ಎಂದರು. ಘಾಟಿಯಲ್ಲಿ ಸಾವು ಕಂಡು ಬಂದವರಿಗೆ ಭಕ್ತಿ ಹೆಚ್ಚುವುದು ಸಹಜ ಎಂದುಕೊಂಡು ನಾನೂ ಒಂದು ಬೊಗಸೆ ಮೆತ್ತಿದೆ.

ಅಲ್ಲಿಂದ ಶುರುವಾಯಿತು ನಮ್ಮೂರಿನ ವಿಚಿತ್ರ ಮೆರವಣಿಗೆ. ಅತ್ತಿಗೆ ಬೆಳಗಿನ ಬಸ್ಸು ಹತ್ತುತ್ತಿದ್ದರು. ಬಸ್ಸು ಹೊರಟ ಮೇಲೆ ಅಣ್ಣ ಖಾಲಿ ಕಾರಿನಲ್ಲಿ ಅದರ ಹಿಂದೆ ಹೊರಡುತ್ತಿದ್ದರು. ಬಸ್ಸು ನಿಂತಲ್ಲಿ ಕಾರೂ ನಿಲ್ಲುತ್ತಿತ್ತು. ದಾರಿಗೆ ಆನೆ ಅಡ್ಡ ಬಂದರೆ ಬಸ್ಸಿನಲ್ಲಿ ಅವರು, ಕಾರಿನಲ್ಲಿ ಇವರು, ಆನೆಗೆ ಬೇಸರವಾಗುವವರೆಗೂ ಕಾಯುತ್ತಿದ್ದರು. ಹಾಸನೂರಿನಲ್ಲಿ ಬಸ್ಸು ಟೀಗೆ ನಿಂತಾಗ ಅಣ್ಣ ಇಳಿದು, ಒಂದು ಗ್ಲಾಸು ಟೀ ತಂದು ಬಸ್ಸಿನ ಕಿಟಕಿಗೆ ಎತ್ತಿ ಹಿಡಿಯುತ್ತಿದ್ದರು. ಅತ್ತಿಗೆ ಕುಡಿದು ಗ್ಲಾಸು ವಾಪಸ್ ಕೊಡುತ್ತಿದ್ದರು. ಬಸ್ಸಿನ ಕಂಡಕ್ಟರು ಅತ್ತಿಗೆಗೆ ಮಂತ್ರಿಯಮ್ಮ ಎಂದು ಹೆಸರಿಟ್ಟಿದ್ದ, ಹಿಂದೆ ಬೆಂಗಾವಲು ಬರುತ್ತದಲ್ಲ ಎಂದು. ಮನೆಯಲ್ಲಿ ಇಬ್ಬರಿಗೂ ಮುನಿಸೇನೂ ಇರಲಿಲ್ಲ. ಬಿಸಿ ಮುದ್ದೆ, ಉಪ್ಪೆಸರು, ಟಿವಿಯ ಮುಂದೆ ಜಗಳ, ಎಲ್ಲ ಯಥಾಪ್ರಕಾರ. ಕಾರಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಅಣ್ಣನ ಬೋಧನೆ ಏನೂ ಕಡಿಮೆಯಾಗಲಿಲ್ಲ. ಇನ್ನೂ ಜೋರಾಯಿತು. ನಾನು ಹಳೇ ಕಾರೊಂದನ್ನು ಕೊಂಡಾಗ ಗಾಳಿಯ ಸಿದ್ಧಾಂತಕ್ಕೆ ಶರಣಾಗಿ ಅವರು ಹೇಳಿದ್ದೇ ಟಯರು ಹಾಕಿಸಿದೆ. ನನ್ನ ಸೊಂಟದ ಕಥೆ ಇಲ್ಲಿಂದ ಆರಂಭ. ಚಾಮರಾಜನಗರಕ್ಕೆ ಹೋಗಿ ಬಂದರೆ ಕಲ್ಲು ಒಡೆದು ಬಂದಂತೆ ಮೈ ನೋಯುತ್ತಿತ್ತು. ಸ್ಟೇರಿಂಗ್ ನಡುಕಕ್ಕೆ ಕೈ ಎಷ್ಟು ಒಗ್ಗಿತ್ತೆಂದರೆ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದಾಗಲೂ ನಡುಗುತ್ತಿತ್ತು. ಎಡಗಡೆ ಹಿಂದಿನ ಟಯರು ನನಗೂ ಬೆಳಗಿನ ದೇವರಾಯಿತು.

ವಿಚಿತ್ರವೆಂದರೆ ಅಣ್ಣನ ಟಯರುಗಳು ಈಗ ಸದ್ದು ಮಾಡುತ್ತಿರಲಿಲ್ಲ. ತಿಗನಾರೆಯ ಗಂಡಸರು ಹಿತ್ತಲ ಬಾಗಿಲು ಸೇರುವ ಮುಂಚೆಯೇ ಏಜೆಂಟರು ಜಗಲಿಯ ಮೇಲೆ ಕೂತು ನೀರು ಕೇಳಿರುತ್ತಿದ್ದರು. ಪಾಲಿಸಿ ಜಾಸ್ತಿಯಾದವು. ನಾವೆಲ್ಲ ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರಿಂದ ಇರಬೇಕು ಎಂದುಕೊಂಡೆವು. ಅದೇ ಟಾರಿನ ಮೇಲೆ ನನ್ನ ಕಾರು ಮಾತ್ರ ಜೇನುಗೂಡಿಗೆ ಕಲ್ಲು ಬಿದ್ದಂತೆ ಯಾಕೆ ಕೂಗುತ್ತದೆ ಎಂದು ಕೇಳಿದೆ. ಅಣ್ಣ ಗಂಭೀರವಾಗಿ, "ಅಗ್ಗದ್ ಟಯರು ಓರಿ ಕರ ಇದ್ದಂಗೆ. ಪಳುಗ್ಬೇಕು ಕಣ್ಲಾ. ನಿಂದಿನ್ನೂ ಪಳಗ್ನಿಲ್ಲ" ಎಂದರು. ನಾನು ಪಳಗಲಿ ಎಂದು ಕಾದೆ.

ಪಂಕ್ಚರ್ ಆದರೂ ಅವರು ತಾಳವಾಡಿಯಲ್ಲಿ ಹಾಕಿಸುತ್ತಿರಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಸತ್ಯಮಂಗಲಕ್ಕೇ ಹೋಗುತ್ತಿದ್ದರು. ಕಾರು ತೊಳೆದರೂ ಚಕ್ರದ ಮೇಲಿನ ಮಣ್ಣು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ನಾನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಲು ಹೊರಟರೆ ಮೋಟುಗೋಡೆ ದಾಟಿಯೇ ಬಂದುಬಿಡುತ್ತಿದ್ದರು. "ನಿನ್ ಕಾರ್ ಬ್ಯಾಡ ಕಣ್ಲಾ, ಮಕ್ಳವೆ. ನಂದ್ರಲ್ ಓಗಮ, ಅತ್ತು" ಎನ್ನುತ್ತಿದ್ದರು. ಒಮ್ಮೆ ನನ್ನ ಟಯರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಬೇಕಾರೆ ನೀನು ಬೇರೆ ಆಕ್ಸ್ಕ. ಎಲ್ರೂ ನನ್ನಂಗೆ ಇರಾಕಾಯ್ತದಾ?" ಎಂದರು. ನನಗೆ ಸ್ವಾಭಿಮಾನ ಕೆರಳಿತು. ಸವೆದ ಮೇಲೆ ಹೋಗಿ ಮತ್ತೆ ಅದನ್ನೇ ಹಾಕಿಸಿದೆ.

ಅಣ್ಣ ಹೋದದ್ದು ಒಂದು ಮಧ್ಯಾಹ್ನ. ಮುದ್ದೆ ಉಂಡು ಜಗಲಿಯ ಮೇಲೆ ಟವೆಲ್ಲು ಹಾಸಿಕೊಂಡು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದಿದ್ದ ಊರವರು ಅಳುವಿನ ನಡುವೆಯೂ, ಟಯರಿನಿಂದ ಹೋಗಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ನನಗೂ ಅಳು ಬಂತು. ಮೋಟುಗೋಡೆಯ ಮೇಲೆ ಅವರ ಮೊಣಕೈ ಊರಿ ಊರಿ ನುಣುಪಾದ ಜಾಗ ಒಂದಿದೆ. ಈಗಲೂ ಬೆಳಿಗ್ಗೆ ಅದರ ಕಡೆ ನೋಡಲು ನನಗೆ ಕಷ್ಟವಾಗುತ್ತದೆ.

ತಿಂಗಳ ತಿಥಿ ಕಳೆದ ಮೇಲೆ ಅತ್ತಿಗೆ ನನ್ನನ್ನು ಕರೆದರು. ಮಗಳು ಅಳಿಯ ಕಾರನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರಂತೆ, ಸತ್ಯಮಂಗಲಕ್ಕೆ ತಲುಪಿಸಬೇಕು. ಅಂಗಳದ ಹೊಂಗೆಮರದ ಕೆಳಗೆ ನಿಂತೇ ಇದ್ದ ಕಾರಿನ ಒಂದು ಟಯರು ನೆಲಕ್ಕೆ ಕೂತಿತ್ತು, ಎಡಗಡೆ ಹಿಂದಿನದೇ. ಗುರುವಿಗೆ ಕೊನೆಯ ಸೇವೆ ಎಂದು ಮನಸ್ಸಿನಲ್ಲೇ ನಕ್ಕು ಜಾಕು ಏರಿಸಿ ಚಕ್ರ ಬಿಚ್ಚಿದೆ. ಉರುಳಿಸುವಾಗ ಒಳಮುಖ ನನ್ನ ಕಡೆಗೆ ಬಂತು.

ಅಲ್ಲಿ ಕಂಪನಿಯ ಹೆಸರಿತ್ತು. ಮಾತ್ರೆಯ ಹೆಸರಲ್ಲ. ನನ್ನ ಶಾಲೆಯ ಒಂದನೇ ತರಗತಿ ಮಕ್ಕಳೂ ಗುರುತು ಹಿಡಿಯುವ, ನಾನು ಅಂಗಡಿಯಲ್ಲಿ ದೂರದಿಂದಲೇ ನಮಸ್ಕಾರ ಮಾಡಿ ಬರುತ್ತಿದ್ದ ದೊಡ್ಡ ಕಂಪನಿಯ ಹೆಸರು. ಹೊರಮುಖದ ಮಣ್ಣು ಕೆರೆದು ನೋಡಿದೆ. ಅಲ್ಲಿ ಹೆಸರಿದ್ದ ಜಾಗವನ್ನು ಪಂಕ್ಚರ್ ಅಂಗಡಿಯಲ್ಲಿ ರಬ್ಬರು ಉಜ್ಜುತ್ತಾರಲ್ಲ, ಆ ಯಂತ್ರದಿಂದ ಉಜ್ಜಿಸಿ ನುಣ್ಣಗೆ ಮಾಡಿಸಿದ್ದರು. ಉಳಿದ ಮೂರನ್ನೂ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಹೊರಗೆ ಬೋಳು, ಒಳಗೆ ಹೆಸರು.

ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ನಾನು ಪಟ್ಟ ಪಾಡು, ನಡುಗಿದ ಕೈ, ಪಳಗಲಿ ಎಂದು ಕಾದದ್ದು! ಗುಮಟಾಪುರದಲ್ಲಿ ಹೊಸ ಟಯರಿನ ಹೊಳಪು ಮುಚ್ಚಲು ನಾನೇ ಬೊಗಸೆಯಲ್ಲಿ ಸಗಣಿ ಹೊತ್ತಿದ್ದೆ. ಆಮೇಲೆ ಅತ್ತಿಗೆಯ ನೆನಪಾಗಿ ಸಿಟ್ಟು ಎದೆಯಲ್ಲೇ ನಿಂತಿತು. ಹೆಂಡತಿ ಕಾರಿನಿಂದ ಇಳಿದ ವಾರದಲ್ಲೇ ಇವರು ಟಯರು ಬದಲಾಯಿಸಿದ್ದಾರೆ. ಒಂದು ಮಾತು ಹೇಳಿದ್ದರೆ ಅತ್ತಿಗೆ ಹತ್ತುತ್ತಿದ್ದರು. ಆ ಮಾತು ಹೇಳಿದರೆ ಊರೆದುರು ಸೋತಂತೆ. ಅದಕ್ಕೇ ಊರಿನಲ್ಲೆಲ್ಲ ಅತಿ ಒಳ್ಳೆಯ ಟಯರಿನ ಮೇಲೆ, ಪಕ್ಕದ ಸೀಟು ಖಾಲಿ ಇಟ್ಟುಕೊಂಡು, ಬಸ್ಸಿನ ಹೊಗೆ ಕುಡಿಯುತ್ತಾ ಹೋಗಿದ್ದಾರೆ. ಇದನ್ನು ಈಗ ಅತ್ತಿಗೆಗೆ ಹೇಗೆ ಹೇಳುವುದು? ಕಳೆದುಹೋದ ವರ್ಷಗಳನ್ನು ತಂದು ಕೈಗಿಟ್ಟು ಅಳು ಬರಿಸಿದ ಹಾಗೆ ಅದು. ಹೇಳಬಾರದೆಂದು ನಿರ್ಧರಿಸಿ, ಹೆಸರಿನ ಕಡೆ ಗೋಡೆಗೆ ಮಾಡಿ ಚಕ್ರವನ್ನು ಒರಗಿಸಿದೆ.

ಅತ್ತಿಗೆ ಮಜ್ಜಿಗೆ ತಂದವರು ನನ್ನನ್ನೂ ಚಕ್ರವನ್ನೂ ನೋಡಿದರು.

"ಗೋಡೆ ಕಡೀಕ್ ಯಾಕ್ ತಿರುಗ್ಸಿದ್ದಿಯೆ? ಟಯರ್ ಬದ್ಲಾಯ್ಸಿದ್ದು ನಂಗೂ ಗೊತ್ತು ಕಣಪ್ಪ."

ಮಜ್ಜಿಗೆ ನನ್ನ ನೆತ್ತಿಗೇರಿತು. "ಯಾವಾಗಿಂದ ಅತ್ಗೆ?"

"ಅಂಗ್ಳ ಸಾರ್ಸೋಳು ಯಾರು? ನಾನು. ಬೆಳ್ಗೆ ಸಗಣಿ ನೀರ್ ಚೆಲ್ಲುದ್ರೆ ಇವ್ರು ಅದುರ್ ಮ್ಯಾಲೇ ಕಾರ್ ತಕಂಡ್ ಓಗೋರು. ಅಳೇ ಟಯರ್ದು ಬೋಳ್ ಗೆರೆ. ದೀಪಾವಳಿಗ್ ಮುಂಚೆ ಒಂದಿನ ನೋಡ್ತೀನಿ, ಅಂಗ್ಳುದ್ ತುಂಬ ಬಳ್ಳಿ ಬಳ್ಳಿ, ರಂಗೋಲಿ ಬುಟ್ಟಂಗೆ. ನನ್ ಕಣ್ಗೆ ಸಗಣಿ ಮೆತ್ತಾಕಾಯ್ತದಾ?"

"ಗೊತ್ತಿದ್ದೂ ಯಾಕೆ ಹತ್ತಲಿಲ್ಲ?"

"ಬಾಯಲ್ ಬರ್ಲಿ ಅಂದಿದ್ನಲ್ಲ. ಅವ್ರು ಏಳ್ಲಿ ಅಂತ ನಾನು, ನಾನೇ ಕೇಳ್ಲಿ ಅಂತ ಅವ್ರು." ಸೆರಗಿನಿಂದ ಚಕ್ರದ ಧೂಳು ಒರೆಸಿದರು. "ಬಸ್ಸಲ್ಲಿ ನಾನು ಇಂದ್ಲ ಸೀಟೇ ಇಡೀತಿದ್ದೆ. ತಿರುಗುದ್ರೆ ಗಾಜಲ್ಲಿ ಕಾಣೋರು. ಪಕ್ಕದಲ್ ಕುಂತ್ರೆ ಬೈಯಾದೇ ಆಗದು. ದೂರುಕ್ ಚೆಂದಾಗ್ ಕಾಣೋರು." ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಒಂದ್ ಮಾತು ಕಣಪ್ಪ. ಒಂದ್ ಮಾತ್ಗೆ ಇಷ್ಟ್ ವರ್ಸ ಕಳ್ದ್ಬುಟ್ಟೊ ಇಬ್ರೂವೆ."

ನಾನು ಸ್ಟೆಪ್ನಿ ಹಾಕಿ ನಟ್ಟು ಬಿಗಿದೆ. ಮರುದಿನ ಬೆಳಿಗ್ಗೆ ಕಾರು ತೆಗೆದು, ಮುಂದಿನ ಬಾಗಿಲು ತೆರೆದು, "ಬನ್ನಿ ಅತ್ಗೆ, ಇವತ್ತಾದ್ರೂ ಹತ್ತಿ" ಎಂದೆ. ಅತ್ತಿಗೆ ಕೈಚೀಲ ಹಿಡಿದು ಬಾಗಿಲ ಹತ್ತಿರದವರೆಗೆ ಬಂದರು. ಅಣ್ಣನ ಪಕ್ಕದ ಆ ಸೀಟನ್ನು ಅಂಗೈಯಿಂದ ಒಮ್ಮೆ ಸವರಿದರು. ಬಾಗಿಲು ಮುಚ್ಚಿದರು.

"ಅವ್ರು ಏಳ್ನಿಲ್ವಲ್ಲಪ್ಪ. ನಾನ್ ಬಸ್ಸಲ್ ಓಯ್ತೀನಿ. ನೀನು ಇಂದೆ ತಕಂಡ್ ಬಾ."

ಹೋದೆ. ಅಣ್ಣನ ಕಾರು ಮಗ್ಗುಲಲ್ಲಿ ಮಲಗಿದ ಬೆಕ್ಕಿನಷ್ಟೂ ಸದ್ದು ಮಾಡಲಿಲ್ಲ, ನನ್ನ ಸೊಂಟಕ್ಕೆ ಹೊಟ್ಟೆಕಿಚ್ಚಾಯಿತು. ಹಾಸನೂರಿನಲ್ಲಿ ಬಸ್ಸು ನಿಂತಾಗ ಟೀ ತೆಗೆದುಕೊಂಡು ಹೋಗಿ ಕಿಟಕಿಗೆ ಎತ್ತಿ ಹಿಡಿದೆ. ಅತ್ತಿಗೆ ಒಂದು ಗುಟುಕು ಕುಡಿದು, "ಸಕ್ಕರೆ ಸಾಲ್ದು. ಅವ್ರು ಏಳಿ ಆಕ್ಸೋರು" ಎಂದರು. ಆದರೂ ಪೂರ್ತಿ ಕುಡಿದು ಗ್ಲಾಸು ಕೊಟ್ಟರು.

ದಿಂಬಂ ಘಾಟಿಯ ಮೊದಲ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಹಿಂದಿನ ಗಾಜಿನಲ್ಲಿ ಅತ್ತಿಗೆಯ ಮುಖ ಈ ಕಡೆ ತಿರುಗಿತು. ನಾನು ಕೈ ಎತ್ತಿದೆ. ಅವರು ಕೈ ಎತ್ತಲಿಲ್ಲ, ಸುಮ್ಮನೆ ನೋಡುತ್ತಲೇ ಇದ್ದರು. ಮುಂದಿನ ತಿರುವಿನಲ್ಲೂ ನೋಡಿದರು, ಅದರ ಮುಂದಿನದರಲ್ಲೂ. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ಆಗ ಹೊಳೆಯಿತು. ಕೈ ಇಳಿಸಿದೆ. ಆಮೇಲೆ ಬಣ್ಣಾರಿ ಸೇರುವವರೆಗೂ, ಅಣ್ಣ ಬಿಡುತ್ತಿದ್ದಷ್ಟೇ ಅಂತರ ಬಿಟ್ಟು, ಆ ಗಾಜಿನಿಂದ ಕಾರು ಮರೆಯಾಗದ ಹಾಗೆ ಓಡಿಸಿದೆ.